ಹೊಟ್ಟಿನ ಒಲೆಯ ಖಾಲಾ

ಆಗ ನನಗೆ ಮೂವತ್ತರ ಮೇಲೆ ಎರಡೋ ಮೂರೋ. ಅದಾಗಿ ಮೂವತ್ತೈದು ವರ್ಷ ಆಗಿರಬೇಕು. ನಮ್ಮಲ್ಲಿ ಹುಟ್ಟಿದ್ದನ್ನು ಬರೆದಿಡುವವರು ಯಾರೂ ಇರಲಿಲ್ಲ. ಹಿರಿಯ ಮಗಳು ಓಡಾಡುತ್ತಿದ್ದಳು, ಕಿರಿಯವಳು ಇನ್ನೂ ಮೊಲೆ ಕುಡಿಯುತ್ತಿದ್ದಳು. ಅದರ ಮೇಲೆ ಅಂದಾಜು ಹಿಡಿದು ಹೇಳುತ್ತಿದ್ದೇನೆ.

ಹೋದ ತಿಂಗಳು ಲಿಂಗಸುಗೂರಿನಿಂದ ಒಬ್ಬ ಮುದುಕ ಬಂದು, ಖಾಲಾ ತೀರಿಕೊಂಡಳು ಎಂದು ಹೇಳಿ ಹೋದ. ನನಗೆ ಅಳು ಬರಲಿಲ್ಲ. ಎದ್ದು ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿ ಒಳಗೆ ತಂದೆ. ಆಮೇಲೆ ಮೊಮ್ಮಗಳ ಹತ್ತಿರ ಪೆನ್ನು ಇಸಿದುಕೊಂಡೆ. ನಾನು ಅಕ್ಷರ ಕಲಿತದ್ದು ಮಕ್ಕಳು ದೊಡ್ಡವರಾದ ಮೇಲೆ. ಬರೆಯುವುದು ನಿಧಾನ. ಖಾಲಾಳ ಅಡುಗೆಯೂ ನಿಧಾನವೇ ಇತ್ತು.

ಖಾಲಾ ಅಂದರೆ ಸಾಬರಲ್ಲಿ ಚಿಗವ್ವ, ತಾಯಿಯ ತಂಗಿ. ಮಿಲ್ಲಿನವರೆಲ್ಲ, ಹಿಂದೂಗಳೂ ಸಾಬರೂ, ಹಾಗೇ ಕರೆಯುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಆಕೆ ಆಡಿದ ಒಂದು ಸುಳ್ಳು ಇದರಲ್ಲಿದೆ. ಸತ್ತವಳ ಸುಳ್ಳು ಹೇಳಬಹುದು, ಹೆಸರು ಹೇಳಬಾರದು.

ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ಒಂದು ಅಕ್ಕಿ ಮಿಲ್ಲಿತ್ತು. ನನ್ನ ಗಂಡ ಅಲ್ಲಿ ಹಮಾಲಿ. ನಾನು ಕಣದಲ್ಲಿ ಭತ್ತ ಹರವುತ್ತಿದ್ದೆ, ಕಾಲಿನಿಂದ ತಿರುವುತ್ತಿದ್ದೆ, ಸಂಜೆಗೆ ಗುಡ್ಡೆ ಹಾಕುತ್ತಿದ್ದೆ. ಮಿಲ್ಲಿನ ಹಿಂದೆ ತಗಡಿನ ಸಾಲುಮನೆ. ಕಟ್ಟಕಡೆಯ ಮನೆ ಖಾಲಾಳದು, ಅದರ ಪಕ್ಕ ನಮ್ಮದು. ನಡುವೆ ಒಂದೇ ತಗಡು. ಆಕೆ ಕೆಮ್ಮಿದರೆ ನನ್ನ ಕೂಸು ಎಚ್ಚರಾಗುತ್ತಿತ್ತು. ನನ್ನ ಗಂಡ ಬೈದರೆ ಆಕೆ ಅಲ್ಲಿಂದಲೇ, "ಸಾಕು ಮಾಡಪ, ಅಷ್ಟ ಬೈಗಳಾ ನನಗೂ ಬೀಳಾಕತ್ಯಾವ," ಅನ್ನುತ್ತಿದ್ದಳು.

ದಪ್ಪ ಹೆಂಗಸು. ಮಣಿಕಟ್ಟು ನನ್ನ ಎರಡರಷ್ಟು. ಎರಡೂ ಕೈ ಬರಿದು, ಕೊರಳೂ ಬರಿದು. ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದಳು. ಕುರಿಯ ಕರುಳು ಕೆರೆಯಲು ಅದು ಬೇಕು. ಆ ಉಗುರು ಮುರಿದರೆ ಎರಡು ದಿನ ಮಾತಾಡುತ್ತಿರಲಿಲ್ಲ.

ಆಕೆಯ ಒಲೆಯ ಬಗ್ಗೆ ಹೇಳಬೇಕು. ಮಿಲ್ಲಿನ ಹಿಂದೆ ಭತ್ತದ ಹೊಟ್ಟಿನ ಗುಡ್ಡ ಬಿದ್ದಿರುತ್ತಿತ್ತು. ಆಗ ಅದನ್ನು ಕೇಳುವವರಿರಲಿಲ್ಲ. ಗಾಳಿ ಬಂದರೆ ನಮ್ಮ ಕಣ್ಣಿಗೆ ಬೀಳುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ. ಖಾಲಾ ಒಂದು ಡಾಂಬರಿನ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಬುಡದ ಹತ್ತಿರ ಬದಿಗೆ ಒಂದು ಕಿಂಡಿ ಮಾಡಿಸಿಕೊಂಡಿದ್ದಳು. ನಡುವೆ ಒನಕೆಯ ತುಂಡು ನಿಲ್ಲಿಸುತ್ತಿದ್ದಳು. ಕಿಂಡಿಯಿಂದ ಒಂದು ಕೋಲು ತೂರಿಸಿ ಒನಕೆಗೆ ತಾಗಿಸುತ್ತಿದ್ದಳು. ಸುತ್ತ ಹೊಟ್ಟು ಸುರಿದು ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡುತ್ತಿದ್ದಳು. ಆಮೇಲೆ ಒನಕೆಯನ್ನೂ ಕೋಲನ್ನೂ ತಿರುವಿ ಎಳೆದರೆ ಒಳಗೆ ಗಾಳಿಯಾಡುವ ದಾರಿ. ಕಿಂಡಿಯಲ್ಲಿ ನಾಲ್ಕು ಪುಳ್ಳೆ ಹಚ್ಚಿದರೆ ಮುಗಿಯಿತು. ಹೊಟ್ಟು ಭಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಕೆಂಪಗೆ ಕೂತಿರುತ್ತದೆ. ಮುಂಜಾನೆ ಹಚ್ಚಿದರೆ ಸಂಜೆಯ ತನಕ ಯಾರೂ ಊದಬೇಕಿಲ್ಲ, ಮುಂದೆ ಕೂಡಬೇಕಿಲ್ಲ. ಹಚ್ಚಿದ ಮೇಲೆ ಆರಿಸಲೂ ಆಗುವುದಿಲ್ಲ. ನೀರು ಹೊಯ್ದರೆ ಮೇಲಿನದು ಕಪ್ಪಾಗುತ್ತದೆ, ಒಳಗೆ ಕಾಯುತ್ತಲೇ ಇರುತ್ತದೆ.

ಒಲೆ ಒಂದೇ, ಬೋಗಾಣಿಯೂ ಒಂದೇ. ಕಲಾಯಿ ಮಾಡಿದ ತಾಮ್ರದ್ದು. ತಳಕ್ಕೆ ಕೊಬ್ಬಿನ ಚೂರು, ಅದರ ಮೇಲೆ ಹೆಚ್ಚಿದ ಉಳ್ಳಾಗಡ್ಡೆ, ಅದರ ಮೇಲೆ ಸಿಪ್ಪೆ ಸಮೇತ ಆಲೂಗಡ್ಡೆ. ಮೇಲೆ ಒಂದಿಷ್ಟು ಪುಂಡಿಸೊಪ್ಪು, ಹುಳಿಗೆ. ಎಲ್ಲದರ ಮೇಲೆ ಸುರುಳಿ ಸುತ್ತಿ ಇಡುತ್ತಿದ್ದದ್ದು ತುಂಬಿದ ಕರುಳು. ಅದಕ್ಕೆ ಆಕೆ ಹೆಸರಿಟ್ಟಿರಲಿಲ್ಲ. "ತುಂಬಿದ್ದು" ಅನ್ನುತ್ತಿದ್ದಳು, ಅಷ್ಟೇ. ಕುರಿಯ ಕರುಳನ್ನು ಕಡ್ಡಿಗೆ ಏರಿಸಿ ಒಳಮಗ್ಗಲು ಹೊರಗೆ ಮಾಡಿ, ಉಪ್ಪು ಸುಣ್ಣ ಹಚ್ಚಿ, ಉಗುರಿನಿಂದ ಕೆರೆದು, ವಾಸನೆ ಹೋಗುವ ತನಕ ತೊಳೆಯುತ್ತಿದ್ದಳು. ಒಳಗೆ ಕೊಚ್ಚಿದ ಕಾರಿಜ, ಅಂದರೆ ಕುರಿಯ ಲಿವರು, ಮಿಲ್ಲಿನ ನುಚ್ಚಕ್ಕಿ, ಬೆಳ್ಳುಳ್ಳಿ, ಖಾರ, ಕೊತ್ತಂಬರಿ ತುಂಬಿ ಗೇಣು ಗೇಣಿಗೆ ದಾರ ಕಟ್ಟುತ್ತಿದ್ದಳು. ತೊಳೆಯುವುದನ್ನು ನೋಡಿದವರು ತಿನ್ನುವುದಿಲ್ಲ ಅನ್ನುತ್ತಾರೆ. ನಾನು ದಿನಾ ನೋಡಿದೆ, ತಿಂದೆ.

ನೀರು ಒಂದೇ ಲೋಟ. "ಇಷ್ಟ ನೀರಿಗೆ ಸೀದು ಹೋಗಂಗಿಲ್ಲೇನು?" ಅಂತ ಮೊದಲ ಸಲ ಕೇಳಿದ್ದೆ.

"ಅವಸರ ಮಾಡಿದ್ರ ಸೀದು ಹೋಗ್ತೈತಿ. ಆಲೂಗಡ್ಡಿ ತನ್ನ ನೀರು ತಾನ ಬಿಡ್ತೈತಿ, ಮ್ಯಾಲಿಂದು ತನ್ನ ಜಿಡ್ಡು ಕೆಳಗ ಬಿಡ್ತೈತಿ. ನಡುವ ನಾ ಯಾಕ ಕೈ ಹಾಕ್ಲಿ?"

ಮುಚ್ಚಳ ಇಟ್ಟು ಅಂಚಿಗೆಲ್ಲ ಜೋಳದ ಹಿಟ್ಟು ಮೆತ್ತುತ್ತಿದ್ದಳು. ಸಂಜೆ ಮಿಲ್ಲಿನ ಮಷಿನ್ನು ನಿಂತು ಹಮಾಲರು ಮೈ ತೊಳೆದು ಬಂದ ಮೇಲೆಯೇ ಅದನ್ನು ಒಡೆಯುವುದು. ಅವರು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು, ಈಕೆ ಬೋಗಾಣಿಯದನ್ನು ಬಡಿಸುತ್ತಿದ್ದಳು. ತುಂಬಿದ್ದು ಇರುವುದು ವಾರಕ್ಕೆ ಎರಡು ದಿನ. ಉಳಿದ ದಿನ ಅದೇ ಆಲೂಗಡ್ಡೆಗೆ ಬೇಳೆಯೋ ಬದನೆಕಾಯಿಯೋ. ಆ ದಿನಗಳಲ್ಲಿ ಹಮಾಲರು ಮುಖ ಸಣ್ಣಗೆ ಮಾಡಿಕೊಂಡು ಉಣ್ಣುತ್ತಿದ್ದರು.

ಜವಳಗೇರಾದ ಹಮಾಲಿ ಒಬ್ಬ ಒಮ್ಮೆ ತಡೆಯಲಾರದೆ ಮಧ್ಯಾಹ್ನವೇ ಬಂದು ಹಿಟ್ಟು ಕಿತ್ತು ಮುಚ್ಚಳ ಎತ್ತಿಬಿಟ್ಟ. ಮೀಸೆ ಬಲಿತ ಗಂಡಸು, ಎರಡು ಮಕ್ಕಳ ತಂದೆ. ಖಾಲಾ ಬೈಯಲಿಲ್ಲ. ಸಂಜೆ ಎಲ್ಲರಿಗೂ ಬಡಿಸಿ ಅವನ ತಾಟಿಗೆ ಒಂದು ಬರೀ ಆಲೂಗಡ್ಡೆ ಇಟ್ಟಳು.

"ಖಾಲಾ, ನನ್ನದೆಲ್ಲಿ?"

"ನೀ ಮಧ್ಯಾಹ್ನ ಉಂಡಿಯಲ್ಲೋ. ಮುಚ್ಚಳ ತೆಗೆದ್ರ ಹೊಟ್ಟಿ ತುಂಬಂಗಿಲ್ಲ, ಮೂಗು ತುಂಬತೈತಿ. ನಿನ್ನ ಮೂಗು ತುಂಬೈತಿ."

ಉಳಿದವರು ವರ್ಷಗಟ್ಟಲೆ ಅವನನ್ನು ಮೂಗ ಅಂತಲೇ ಕರೆದರು.

ತಾನು ವಿಧವೆ ಎಂದು ಖಾಲಾ ಹೇಳಿಕೊಂಡಿದ್ದಳು. ನಾನು ಮಿಲ್ಲಿಗೆ ಬರುವ ಮೊದಲೇ ಅದು ಎಲ್ಲರಿಗೂ ಗೊತ್ತಿದ್ದ ಮಾತು. ಲಿಂಗಸುಗೂರಿನ ಕಡೆಯವಳು, ಗಂಡ ಸತ್ತಾನೆ, ಮಕ್ಕಳಿಲ್ಲ. ಮಿಲ್ಲಿನ ಸಾಹುಕಾರ ಆಕೆಗೆ ಆ ಕಡೆಯ ಮನೆ ಕೊಟ್ಟದ್ದೂ, ಹಮಾಲರಿಗೆ ಅಡುಗೆ ಮಾಡಿಕೊಂಡಿರು ಅಂದದ್ದೂ ವಿಧವೆ ಎಂದೇ. ನಮ್ಮ ಸಾಲಿನಲ್ಲಿ ಯಾರಾದರೂ ಬಸುರಿಗೆ ಕುಬಸದ ಶಾಸ್ತ್ರ ಮಾಡಿದರೆ ಖಾಲಾ ತಾನೇ ದೂರ ಹೋಗಿ ಗೋಡೆಗೆ ಒರಗಿ ಕೂಡುತ್ತಿದ್ದಳು. ಹತ್ತಿರ ಬಾ ಅಂದರೂ ಬರುತ್ತಿರಲಿಲ್ಲ. "ನಾ ಇಲ್ಲಿಂದನ ನೋಡ್ತೀನಿ, ನೀವು ಮುಂದ ನಡಸ್ರಿ," ಅನ್ನುತ್ತಿದ್ದಳು. ಬಳೆಗಾರ ಸಾಲಿಗೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಹೇಳಹೊರಟ ಆ ದಿನ ತುಂಬಿದ್ದರ ದಿನ. ಉಪ್ಪು ಹಾಕಿಟ್ಟ ಕರುಳು ಅವತ್ತಿಗೆ ಮುಗಿದಿತ್ತು. ಮರುದಿನ ಖಾಲಾ ಮಸ್ಕಿಗೆ ಹೋಗುವವಳಿದ್ದಳು. ಕರುಳು ಆಕೆಗೆ ಮಸ್ಕಿಯದೇ ಆಗಬೇಕು. ಅಲ್ಲಿ ಒಬ್ಬ ಕಸಾಯಿ ಮುದುಕ ತೂತು ಬೀಳದ ಹಾಗೆ ಉದ್ದಕ್ಕೆ ಬಿಡಿಸಿ ಕೊಡುತ್ತಿದ್ದ. ತೂತು ಬಿದ್ದರೆ ತುಂಬಲು ಬರುವುದಿಲ್ಲ.

ಹಮಾಲರು ಸಾಲಾಗಿ ಕೂತಿದ್ದರು. ಖಾಲಾ ಹಿಟ್ಟು ಒಡೆದು ಮುಚ್ಚಳ ಎತ್ತಿದ್ದಳು. ನಾನು ಆಚೆ ಕೂಸಿನ ಬಟ್ಟೆ ಹಿಂಡುತ್ತಿದ್ದೆ. ಒಬ್ಬ ಗಂಡಸು ಬಂದು ನನ್ನ ಮುಂದೆ ನಿಂತ. ಬಿಳಿ ಟೋಪಿ, ಕಾಲೆಲ್ಲ ಧೂಳು.

"ಅಕ್ಕಾ, ಇಲ್ಲಿ ಅಡಗಿ ಮಾಡಾಕಿ ನಮ್ಮ ಭಾಭಿ. ಆಕಿ ಮನಿ ಯಾವುದು?"

"ಯಾವ ಭಾಭಿ?"

"ನಮ್ಮ ಅಣ್ಣನ ಹೇಣ್ತಿ ರೀ. ಅಣ್ಣ ನಿನ್ನೆ ತೀರಿಕೊಂಡ. ಸಂಜಿ ಮುಂದ ಮಣ್ಣು ಮಾಡಿದಿವಿ. ಆಕಿಗೆ ಹೇಳಾಕ ಬಂದೀನಿ."

ನಾನು ಬಟ್ಟೆ ಹಿಂಡುವುದನ್ನು ನಿಲ್ಲಿಸಿದೆ. ಅವನ ದನಿ ದೊಡ್ಡದು. ಹತ್ತು ಮಾರು ಆಚೆ ಹಮಾಲರು ಕೂತಿದ್ದರು. ಮೂಗ ಆಗಲೇ ಈ ಕಡೆ ನೋಡುತ್ತಿದ್ದ. ಹೊಸ ಮನುಷ್ಯ ಬಂದರೆ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

"ಯಾರಬೇ ಅವರು?" ಅಂತ ಅಲ್ಲಿಂದಲೇ ಕೂಗಿದ.

"ಖಾಲಾನ ಊರವರು. ಉಣ್ಣಾಕ ಬಂದಾರ," ಅಂದೆ. ಬಂದವನಿಗೆ ಮೆಲ್ಲಗೆ ಹೇಳಿದೆ, "ತಮ್ಮಾ, ದನಿ ಇಳಸು. ಮೊದಲ ಉಣ್ಣು. ಬಾಯಿ ತುಂಬ ಹಾಕ್ಕೊಂಡು ಸುಮ್ಮನ ಉಣ್ಣು."

"ನಾ ಉಣ್ಣಾಕ ಬಂದಿಲ್ಲಕ್ಕಾ, ಅಣ್ಣ..."

"ಉಣ್ಣಂದೆ."

ನನ್ನ ಮನೆಯ ಮುಂದೆ ಕೂಡಿಸಿ, ನನ್ನ ತಾಟಿನಲ್ಲಿ ಎರಡು ರೊಟ್ಟಿ ಇಟ್ಟು ಖಾಲಾಳ ಹತ್ತಿರ ಒಯ್ದೆ. ಆಕೆ ಅವನನ್ನು ಆಗಲೇ ನೋಡಿದ್ದಳು. ಒಂದು ಸುರುಳಿ, ಎರಡು ಆಲೂಗಡ್ಡೆ, ಮೇಲೆ ರಸ ಹಾಕಿದಳು.

"ಹೋಗ್ಯಾನೇನು?" ಅಂದಳು. ನನಗೊಬ್ಬಳಿಗೇ ಕೇಳುವಷ್ಟು.

"ನಿನ್ನೆ."

"ಹೂಂ. ಇವನಿಗೆ ಬಿಸಿ ಬಿಸಿ ಕೊಡು. ಬಸ್ಸಿಗೆ ಬಂದಾನ."

ಅಷ್ಟೇ. ಮತ್ತೆ ಸಾಲಿಗೆ ತಿರುಗಿದಳು. "ಯಾರಿಗೆ ರಸ ಬೇಕೋ?" ಅಂದಳು. ಒಬ್ಬೊಬ್ಬರಿಗೂ ಬಡಿಸಿದಳು. ಇವತ್ತು ಉಪ್ಪು ಮುಂದಾಗಿದೆ ಎಂದು ಯಾರೋ ಅಂದರು. ಆಗಿರಬೇಕು, ನೀರು ಕುಡಿ, ಅಂದಳು. ನಾನು ನೋಡುತ್ತಲೇ ಇದ್ದೆ. ಮುಖದಲ್ಲಿ ಏನೂ ಇರಲಿಲ್ಲ. ಆ ಮೈದುನ ತಾಟು ನೆಕ್ಕುವ ಹಾಗೆ ಉಂಡ. ಸಾವಿನ ಮನೆಯಿಂದ ಬಂದವನಿಗೆ ಹಸಿವು ಇರುತ್ತದೆ.

ಹಮಾಲರು ಎದ್ದು ಹೋದ ಮೇಲೆ ಮೂವರೂ ಆಕೆಯ ಮನೆಯೊಳಗೆ ಕೂತೆವು. ಇನ್ನೂ ಬೆಳಕಿತ್ತು. ನನ್ನನ್ನು ಹೋಗು ಅನ್ನಲಿಲ್ಲ, ನಾನೂ ಹೋಗಲಿಲ್ಲ. ಕೇಳಿದ್ದು ಇಷ್ಟು. ಗಂಡ ಲಿಂಗಸುಗೂರಿನಲ್ಲಿ ಇನ್ನೊಬ್ಬಳನ್ನು ತಂದುಕೊಂಡಿದ್ದ. ಈಕೆ ಒಂದು ದಿನ ಬೋಗಾಣಿ ಎತ್ತಿಕೊಂಡು ಬಸ್ಸು ಹತ್ತಿದಳು. ಅವನು ತಲಾಖ್ ಕೊಡಲಿಲ್ಲ, ಈಕೆ ಕೇಳಲಿಲ್ಲ. ಹಾಗಾಗಿ ನಿನ್ನೆಯ ತನಕ ಆಕೆ ಅವನ ಹೆಂಡತಿ. ಅವರಲ್ಲಿ ಗಂಡ ಸತ್ತರೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂಡಬೇಕು. ಹೊರಗೆ ತಿರುಗುವ ಹಾಗಿಲ್ಲ, ಪರಗಂಡಸರ ಮುಂದೆ ಬರುವ ಹಾಗಿಲ್ಲ. ಇದ್ದತ್ ಅನ್ನುತ್ತಾರೆ.

"ಹಿರ್ಯಾರು ಹೇಳಿ ಕಳಿಸ್ಯಾರ ಭಾಭಿ," ಅಂದ ಮೈದುನ. "ಮನಿಗೆ ಬಂದು ಕೂಡಂತ. ಆಕೀನೂ ಅಲ್ಲೇ ಕುಂತಾಳ. ಇಬ್ಬರೂ ಒಂದ ಕಡೆ..."

"ಆಕಿ ತನ್ನ ಮನ್ಯಾಗ ಕೂಡ್ಲಿ. ನಾ ನನ್ನ ಮನ್ಯಾಗ ಕೂಡ್ತೀನಿ. ಹೋಗಿ ಹೇಳು, ಕೂಡ್ತಾಳಂತ. ಎಲ್ಲಿ ಅಂತ ಕೇಳಿದ್ರ, ಒಲಿ ಹಿಂದ ಅನ್ನು."

ಅವನಿಗೆ ಕಡೆಯ ಬಸ್ಸು ಇತ್ತು. ಹೋದ. ಹೋಗುವಾಗ, ಊಟ ಭಾಳ ಛಲೋ ಇತ್ತು ಎಂದು ನನಗೆ ಹೇಳಿದ.

ನಾನು ಖಾಲಾಳ ಮೇಲೆ ಸಿಟ್ಟಾಗಿದ್ದೆ. ತಗಡಿನ ಆಚೆ ಈಚೆ ಇಷ್ಟು ವರ್ಷ ಇದ್ದು ನನಗೂ ಹೇಳಿರಲಿಲ್ಲ.

"ಸತ್ತಾನಂತ ಯಾಕ ಹೇಳಿದಿ?" ಅಂತ ಕೇಳಿದೆ.

"ಗಂಡ ಬಿಟ್ಟಾಕಿನ್ನ ದಿನಾ ಕೇಳ್ತಾರ ಬೇ. ಯಾಕ ಬಿಟ್ಟ, ಯಾವಾಗ ಬರ್ತಾನ, ನೀ ಏನು ಮಾಡಿದ್ದಿ. ಗಂಡ ಸತ್ತಾಕಿನ್ನ ಒಂದ ಸಲ ಕೇಳಿ ಬಿಡ್ತಾರ."

"ಈಗ ಕುಂತ್ರ ಎಲ್ಲಾರೂ ಕೇಳ್ತಾರ. ಹಿಂದ ಸತ್ತಾವ ಮತ್ತ ಹೆಂಗ ಸತ್ತ ಅಂತ. ಸಾಹುಕಾರಗ ಗೊತ್ತಾದ್ರ ನಾಳೆನ ಈ ಮನಿ ಬಿಡಸ್ತಾನ. ಒಲಿ ಹೋಗ್ತೈತಿ. ಲಿಂಗಸುಗೂರಿಗೆ ಸವತಿ ಕಾಲಾಗ ಹೋಗಿ ಬೀಳ್ತಿಯೇನು? ಸುಮ್ಮನ ಇದ್ದುಬಿಡು. ಹತ್ತು ವರ್ಷ ತಿರುಗಿ ನೋಡದಾವಗ ನೀ ಯಾಕ ಕೂಡ್ಬೇಕು?"

ಖಾಲಾ ಬೋಗಾಣಿಯ ತಳಕ್ಕೆ ಹತ್ತಿದ್ದನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಸುಳ್ಳು ಊರಿಗೆ ಹೇಳೀನಿ. ದೇವರಿಗೆ ಹೇಳಿಲ್ಲ," ಅಂದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಖಾಲಾ ಕೂತಳು, ಒಲೆಯೂ ನಡೆಯಿತು. ಮಂಡಿ ಹಿಡಿದಿದೆ, ನಡೆಯಲು ಬರುವುದಿಲ್ಲ ಎಂದು ಸಾಲಿಗೆಲ್ಲ ನಾನೇ ಸಾರಿದೆ. ಒಲೆಯ ಮುಂದೆ ಗೋಣಿತಟ್ಟು ಹೊಲಿದು ಇಳಿಬಿಟ್ಟೆವು. ಹೊಗೆ ಕಣ್ಣಿಗೆ ಬೀಳುತ್ತದೆ ಎಂದು ಅದಕ್ಕೊಂದು ನೆಪ. ಖಾಲಾ ತಟ್ಟಿನ ಹಿಂದೆ. ತಟ್ಟಿನ ಕೆಳಗಿಂದ ತಾಟು ಬರುತ್ತಿತ್ತು, ನಾನು ಹಂಚುತ್ತಿದ್ದೆ. ಮಸ್ಕಿಗೆ ನಾನು, ನೀರಿಗೆ ನಾನು, ಹೊಟ್ಟು ತರಲು ನಾನು. ನನ್ನ ಗಂಡನಿಗೂ ಮಂಡಿಯೆಂದೇ ಹೇಳಿದ್ದೆ. ಅವನು ಎಲ್ಲಿಂದಲೋ ಎಣ್ಣೆ ತಂದುಕೊಟ್ಟ, ಖಾಲಾ ಅದನ್ನು ತಲೆಗೆ ಹಚ್ಚಿಕೊಂಡಳು.

ಹಮಾಲರಿಗೆ ತಟ್ಟು ದೊಡ್ಡ ತಮಾಷೆಯಾಯಿತು.

"ಏನ್ ಖಾಲಾ, ಪರದೆ ಹಾಕಿ! ಮದುಮಗಳು ಆಗಿಯೇನು?" ಅಂತ ಮೂಗ ಕೂಗುತ್ತಿದ್ದ.

"ಹೌದೋ, ಮದುವಿ ಗೊತ್ತಾಗೈತಿ," ಅಂತ ತಟ್ಟಿನ ಹಿಂದಿಂದ ದನಿ ಬರುತ್ತಿತ್ತು. "ವರ ಸಿಗವಲ್ಲ. ನೀ ಬರಬ್ಯಾಡ. ನೀ ಮುಚ್ಚಳ ತಗಿಯಾವ."

ಎಲ್ಲರೂ ನಗುತ್ತಿದ್ದರು. ನಾನು ತಾಟು ಹಂಚುತ್ತಿದ್ದೆ.

ಸಾಬರ ಪೈಕಿ ಒಬ್ಬ ಮುದಿ ಹಮಾಲಿ ಇದ್ದ. ಒಂದು ವಾರ ತಟ್ಟನ್ನೇ ನೋಡಿದ. ಆಮೇಲೆ ಒಂದು ಸಂಜೆ ಉಳಿದವರಿಗೆ, "ಒಲಿ ಝಳ ಹೊಡಿತೈತಿ, ಆಚೆ ಸರದು ಕುಂದರ್ರಿ," ಅಂದ. ಆ ದಿನದಿಂದ ಸಾಲು ತಟ್ಟಿನಿಂದ ದೂರವಾಯಿತು. ಅವನಿಗೆ ಗೊತ್ತಾಗಿತ್ತು. ಅವನು ಬಾಯಿ ಬಿಡಲಿಲ್ಲ, ನಾವೂ ಕೇಳಲಿಲ್ಲ. ತಟ್ಟಿನ ಕೆಳಗಿಂದ ಅವನ ತಾಟು ಬಂದಾಗ ಮಾತ್ರ ಸುರುಳಿ ಸ್ವಲ್ಪ ದೊಡ್ಡದಿರುತ್ತಿತ್ತು.

ಖಾಲಾ ಒಳಗಿನಿಂದ ನನಗೆ ಕಾಟ ಕೊಟ್ಟದ್ದು ಅಷ್ಟಿಷ್ಟಲ್ಲ. ಹೊಟ್ಟು ಸಡಿಲಾಗಿದೆ ಅನ್ನುವುದು, ಕೊತ್ತಂಬರಿ ಬಾಡಿದೆ ಅನ್ನುವುದು. ನಾಲ್ಕು ತಿಂಗಳು ಹತ್ತು ದಿನ ತುಂಬಿದ ಮುಂಜಾನೆ ಮೈ ತೊಳೆದು, ತಟ್ಟು ಕಿತ್ತು ಮಡಚಿ, ತಾನೇ ಮಸ್ಕಿಯ ಬಸ್ಸು ಹತ್ತಿದಳು. ಮಧ್ಯಾಹ್ನ ಬಂದು ನನ್ನ ಮುಂದೆ ಉಳ್ಳಾಗಡ್ಡೆ ಸುರಿದಳು. "ನೋಡು, ಇವಕ್ಕ ಉಳ್ಳಾಗಡ್ಡಿ ಅಂತಾರ. ನೀ ತಂದು ಕೊಟ್ಟಿದ್ದು ಕೊಳತಾವು." ನನಗೆ ಆಕೆ ಹೇಳಿದ ಧನ್ಯವಾದ ಅದು.

ಆಮೇಲೂ ಬಹಳ ವರ್ಷ ಒಲೆ ನಡೆಯಿತು. ಆಮೇಲೆ ಹೊಟ್ಟನ್ನೂ ಲಾರಿಗೆ ತುಂಬಿ ಮಾರತೊಡಗಿದರು. ಮಿಲ್ಲೂ ಕೈ ಬದಲಾಯಿತು. ನಾವು ಸಾಲುಮನೆ ಬಿಟ್ಟೆವು. ಖಾಲಾಳ ಮಂಡಿಗೆ ಖರೇನೇ ನೋವು ಬಂತು. ನಾಲಿಗೆ ಆಡಿದ್ದು ಮೈಗೆ ಹತ್ತಿತು ಅಂತ ತಾನೇ ಹೇಳಿಕೊಂಡಳು. ಕಡೆಗೆ ಲಿಂಗಸುಗೂರಿಗೆ ಹೋದಳು. ಸವತಿಯೂ ಮುದುಕಿಯಾಗಿದ್ದಳು. ಇಬ್ಬರೂ ಒಂದೇ ಮನೆಯಲ್ಲಿದ್ದರಂತೆ. ಜಗಳ ಆಡುತ್ತಿದ್ದರಂತೆ, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರಂತೆ. ಹೋದ ತಿಂಗಳು ಸುದ್ದಿ ತಂದವನು ಅದೇ ಮೈದುನ. ಅವನ ಗಡ್ಡ ಹಣ್ಣಾಗಿತ್ತು. ಈ ಸಲ ಅವನಿಗೆ ಉಣ್ಣು ಅಂತ ಹೇಳಲು ನನ್ನ ಒಲೆಯ ಮೇಲೆ ಏನೂ ಇರಲಿಲ್ಲ. ಚಹಾ ಮಾಡಿ ಕೊಟ್ಟೆ.

ಇನ್ನು ಆ ಸಂಜೆಯದು ಉಳಿದಿದೆ.

ಮೈದುನ ಹೋದ ಮೇಲೆ ಖಾಲಾ ಬೋಗಾಣಿ ಕೆರೆಯುವುದನ್ನು ಮುಗಿಸಿದಳು. ಬೋರಲು ಹಾಕಿದಳು. ಒಲೆಯಲ್ಲಿ ಇನ್ನೂ ಬೂದಿಯೊಳಗೆ ಕೆಂಪಿತ್ತು. ಅದನ್ನೇ ನೋಡುತ್ತ ಕೂತಳು.

"ಮುಂಜಾನಿ ಇದನ್ನ ಹಚ್ಚಿದಾಗ ನಾ ಗಂಡ ಸತ್ತ ರಂಡಿ ಆಗಿದ್ದೆ. ನನಗ ಗೊತ್ತ ಇದ್ದಿಲ್ಲ," ಅಂದಳು. ನನ್ನ ಕೈ ನೋಡಿ, "ನಿನ್ನ ಕೈಯಾಗಿನ್ವು ಎರಡು ಬಳಿ ಕೊಡು," ಅಂದಳು.

"ಯಾಕ?"

"ಒಡಿಯಾಕ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ತಲಿ ಕೆಟ್ಟೈತೇನು? ನನ್ನ ಗಂಡ ಅಲ್ಲಿ ಕುಂತು ಬೀಡಿ ಸೇದಾಕತ್ಯಾನ. ಅವನ ಬಳಿ ನೀ ಒಡಿತಿಯಾ?"

ಖಾಲಾ ನಕ್ಕಳು. ಅವತ್ತು ನಕ್ಕದ್ದು ಅದೊಂದೇ ಸಲ. "ಖರೆ ಬೇ. ನಂಗ ತಿಳೀಲಿಲ್ಲ," ಅಂದಳು. ಆಮೇಲೆ ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡು ಹೇಳಿದಳು. "ಲಿಂಗಸುಗೂರಿಂದ ಬಂದು ಇಲ್ಲಿ ಬಸ್ಸು ಇಳದ ದಿನ, ನಿಲ್ದಾಣದಾಗ ನೀರಿನ ತೊಟ್ಟಿ ಕಲ್ಲಿಗೆ ಕುಟ್ಟಿ ಎಲ್ಲಾ ಬಳಿ ಒಡಕೊಂಡೆ. ಮಂದಿ ನಂಬಬೇಕಲ್ಲ. ಅವಾ ಬದುಕಿದ್ದ. ಬದುಕಿದ್ದಾವನ ಬಳಿ ಒಡದೀನಿ. ಅದರಿಂದ ಏನರ ಆತೇನಂತ..."

"ಏನಾಗ್ತೈತಿ?"

"ಅವಗ ವಯಸ್ಸೇನಾಗಿದ್ದಿಲ್ಲ."

ಆಗ ನನಗೆ ತಿಳಿಯಿತು ಆಕೆಯ ಎದೆಯಲ್ಲಿ ಕೂತದ್ದು ಏನೆಂದು. ಸಾಹುಕಾರನೂ ಅಲ್ಲ, ಮನೆಯೂ ಅಲ್ಲ.

"ಬಳಿ ಒಡದ್ರ ಗಂಡಸರು ಸಾಯಂಗಿದ್ರ ಸಿಂಧನೂರಾಗ ಒಬ್ಬನೂ ಉಳೀತಿದ್ದಿಲ್ಲ, ಸುಮ್ಮನಿರು," ಅಂದೆ.

ಈ ಸಲ ನಗಲಿಲ್ಲ. "ಒಡಿಯೋ ದಿನ ಒಡಿಯಾಕ ಕೈಯಾಗ ಏನೂ ಇಲ್ಲ ನೋಡು," ಅಂದಳು. ತನ್ನ ಎರಡೂ ಕೈಯನ್ನು ಮುಂದೆ ಚಾಚಿ, ಯಾರದೋ ಕೈ ನೋಡುವ ಹಾಗೆ ನೋಡಿದಳು. ದಪ್ಪ ಕೈ. ಸುಟ್ಟ ಕಲೆಗಳು. ಉದ್ದ ಉಗುರು. ಅಳಲಿಲ್ಲ. ನನ್ನ ಕೂಸು ತಗಡಿನ ಆಚೆ ಅಳತೊಡಗಿತು. ನಾನು ಎದ್ದೆ.

"ನಾಳೆ ಮಸ್ಕಿಗೆ ಯಾರು ಹೋಗ್ತಾರ?" ಅಂತ ಹಿಂದಿನಿಂದ ಕೇಳಿದಳು. ನನ್ನನ್ನು ಕೇಳಿದ್ದಲ್ಲ. ಬೂದಿಯನ್ನು ಕೇಳಿದ ಹಾಗಿತ್ತು. ನಾನು ಮನೆಗೆ ಬಂದು ಕೂಸಿಗೆ ಮೊಲೆ ಕೊಟ್ಟೆ.

ಮರುದಿನ ಮುಂಜಾನೆ ಕೂಸನ್ನು ಖಾಲಾಳ ಮಗ್ಗುಲಿಗೆ ಹಾಕಿ, ಆಕೆಯ ಚೀಲ ತೆಗೆದುಕೊಂಡು ಮೊದಲ ಬಸ್ಸಿಗೆ ಮಸ್ಕಿಗೆ ಹೋದೆ. ಕಸಾಯಿ ಮುದುಕ ಖಾಲಾ ಎಲ್ಲಿ ಅಂದ. ಮಂಡಿ ಅಂದೆ. ತೂತಿಲ್ಲದ ಕರುಳು ಕೊಟ್ಟ. ಕಾರಿಜ, ಉಳ್ಳಾಗಡ್ಡೆ, ಪುಂಡಿಸೊಪ್ಪು ತೆಗೆದುಕೊಂಡೆ. ನಿಲ್ದಾಣದ ಹತ್ತಿರ ಬಳೆಗಾರ್ತಿ ಆಗಷ್ಟೇ ಗಂಟು ಬಿಚ್ಚಿ ಹರವುತ್ತಿದ್ದಳು. ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತೆ. ಆಕೆ ನನ್ನ ಕೈ ಹಿಡಿದು ಬೆರಳು ಒತ್ತಿ ಅಳತೆ ನೋಡತೊಡಗಿದಳು.

"ನನಗಲ್ಲ," ಅಂದೆ. "ದಪ್ಪ ಕೈಗೆ ಬೇಕು."

"ಯಾರಿಗವ್ವ?"

"ನಮ್ಮ ಮಗ್ಗಲ ಮನಿ ಮುತ್ತೈದಿಗೆ."

"ಮುತ್ತೈದಿಗೆ ಬಳಿ ಇಡಸಾಕತ್ತೀಯ, ಪುಣ್ಯ ಬರ್ತೈತಿ ನಿನಗ. ಗಟ್ಟಿ ಬಿಲ್ವಾರ ಬಳಿ ಕೊಡ್ಲೇನು? ವರ್ಷಗಟ್ಲೆ ಬಾಳ್ತಾವ."

"ಗಾಜಿನ್ವು ಕೊಡು. ಸಡ್ಲ ಇರ್ಲಿ. ಭಾಳ ಹೊತ್ತು ಇಡೂದಿಲ್ಲ."

ಬಳೆಗಾರ್ತಿ ನನ್ನ ಮುಖ ನೋಡಿದಳು. ಕೈಗೆ ಎರಡರಂತೆ ನಾಲ್ಕು ಹಸಿರು ಬಳೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಕರುಳನ್ನು ಚೀಲದ ಕೆಳಗೆ ಹಾಕಿದೆ, ಅದರ ಮೇಲೆ ಸೊಪ್ಪು ಹಾಸಿದೆ, ಸೊಪ್ಪಿನ ಮೇಲೆ ಬಳೆ ಇಟ್ಟೆ. ಸಿಂಧನೂರಿನ ಬಸ್ಸು ನಿಂತಿತ್ತು. ದಾರಿಯಲ್ಲಿ ಒಡೆಯಬಾರದೆಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.